ಮಲಗಿ ಎದ್ದಾಗ ಕುತ್ತಿಗೆ ಹಿಡಿದುಕೊಂಡಿದೆಯೇ?

"ರಾತ್ರಿ ಮಲಗುವಾಗ ಏನೂ ಇರಲಿಲ್ಲ ಡಾಕ್ಟ್ರೇ, ಬೆಳಿಗ್ಗೆ ಏಳಲು ಹೋದರೆ ಕುತ್ತಿಗೆ ತಿರುಗುವುದೇ ಇಲ್ಲ." ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಯಾವ ವೈದ್ಯರನ್ನು ಕೇಳಿದರೂ ಈ ಮಾತನ್ನು ಆಗಾಗ ಕೇಳುತ್ತಲೇ ಇರುತ್ತೇವೆ ಎನ್ನುತ್ತಾರೆ. ಇಂಥವರು ಒಳಗೆ ಬರುವ ರೀತಿಯಲ್ಲೇ ತೊಂದರೆ ಏನೆಂದು ಗೊತ್ತಾಗಿಬಿಡುತ್ತದೆ. ತಲೆ ಒಂದು ಕಡೆಗೆ ವಾಲಿರುತ್ತದೆ. ಪಕ್ಕದಲ್ಲಿರುವವರನ್ನು ನೋಡಬೇಕಾದರೆ ಕುತ್ತಿಗೆಯ ಬದಲು ಇಡೀ ಮೈಯನ್ನೇ ತಿರುಗಿಸುತ್ತಾರೆ. ಕೆಮ್ಮಿದರೆ ನೋವು, ಅಂಗಿ ತೊಟ್ಟರೆ ನೋವು, ಕೊಟ್ಟಿಗೆಯಲ್ಲಿ ಬಗ್ಗಿದರೆ ನೋವು.

ಜನ ಇದನ್ನು 'ಕತ್ತು ಉಳುಕಿದೆ', 'ನರ ಹಿಡಿದುಕೊಂಡಿದೆ', 'ವಾಯು ಸೇರಿಕೊಂಡಿದೆ' ಎಂದು ನಾನಾ ರೀತಿಯಲ್ಲಿ ಹೇಳುತ್ತಾರೆ. ಬಹುಪಾಲು ಇದು ಮೂರು ನಾಲ್ಕು ದಿನಗಳಲ್ಲಿ ತಾನಾಗಿಯೇ ಇಳಿಯುವ ತೊಂದರೆ. ಆದರೆ ಕುತ್ತಿಗೆ ಬಿಗಿಯುವುದು ಕೆಲವೊಮ್ಮೆ ದೊಡ್ಡ ಕಾಯಿಲೆಯ ಮೊದಲ ಸೂಚನೆಯೂ ಆಗಿರಬಹುದು. ಮುಖ್ಯವಾಗಿ ನಮ್ಮ ಮಲೆನಾಡಿನಲ್ಲಿ ಚಳಿಗಾಲ ಮತ್ತು ಬೇಸಿಗೆಯ ದಿನಗಳಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಲು ಪ್ರತಿಯೊಂದು ಮನೆಯವರಿಗೂ ತಿಳಿದಿರಬೇಕು.

ಕುತ್ತಿಗೆಯ ರಚನೆ

ನಮ್ಮ ತಲೆಯ ತೂಕ ಸುಮಾರು ನಾಲ್ಕೂವರೆಯಿಂದ ಐದು ಕಿಲೋ. ಇಷ್ಟು ಭಾರವನ್ನು ಹೊತ್ತು ನಿಂತಿರುವುದು ಕುತ್ತಿಗೆಯ ಏಳು ಸಣ್ಣ ಮೂಳೆಗಳು. ಇವುಗಳಿಗೆ ಕಶೇರುಕಗಳೆಂದು ಹೆಸರು. ಮೇಲಿನ ಎರಡು ಕಶೇರುಕಗಳ ರಚನೆ ವಿಶೇಷವಾದದ್ದು. ನಾವು ತಲೆಯನ್ನು ಎಡಕ್ಕೆ, ಬಲಕ್ಕೆ ತಿರುಗಿಸುವ ಚಲನೆಯಲ್ಲಿ ಸುಮಾರು ಅರ್ಧಭಾಗ ಈ ಎರಡು ಮೂಳೆಗಳ ನಡುವೆಯೇ ನಡೆಯುತ್ತದೆ. ಉಳಿದ ಮೂಳೆಗಳ ನಡುವೆ ಮೆತ್ತೆಯಂತಹ ಡಿಸ್ಕ್‌ಗಳಿವೆ. ಹಿಂಬದಿಯಲ್ಲಿ ಎರಡೂ ಕಡೆ ಬಾಗಿಲ ತಿರುಗಣೆಯಂತೆ ಕೆಲಸ ಮಾಡುವ ಸಣ್ಣ ಕೀಲುಗಳಿವೆ.

ಈ ಮೂಳೆಗಳನ್ನು ಎಲ್ಲ ಕಡೆಯಿಂದಲೂ ಎಳೆದು ಹಿಡಿದಿರುವುದು ಸ್ನಾಯುಗಳು. ತಲೆಯ ಹಿಂಭಾಗದಿಂದ ಭುಜಕ್ಕೆ, ಬೆನ್ನಿಗೆ ಹರಡಿಕೊಂಡಿರುವ ದೊಡ್ಡ ಸ್ನಾಯು ಒಂದು. ಕುತ್ತಿಗೆಯ ಪಕ್ಕದಿಂದ ಹೆಗಲಮೂಳೆಯ ಮೂಲೆಗೆ ಇಳಿಯುವುದು ಇನ್ನೊಂದು. ಬೆಳಿಗ್ಗೆ ಕುತ್ತಿಗೆ ಹಿಡಿದುಕೊಂಡಾಗ ಹೆಚ್ಚಾಗಿ ನೋಯುವುದು ಈ ಎರಡನೆಯದು. ಬೆರಳಿನಿಂದ ಒತ್ತಿ ನೋಡಿದರೆ ಹಗ್ಗದಂತೆ ಗಟ್ಟಿಯಾಗಿ ಸಿಗುತ್ತದೆ. 'ನರ ಹಿಡಿದುಕೊಂಡಿದೆ' ಎಂದು ಜನ ತೋರಿಸುವುದು ಇದನ್ನೇ. ನಿಜವಾಗಿ ಅದು ನರವಲ್ಲ, ಬಿಗಿದುಕೊಂಡ ಸ್ನಾಯು. ನರ ಒತ್ತಿಕೊಂಡಿದ್ದರೆ ನೋವು ಕುತ್ತಿಗೆಯಲ್ಲೇ ನಿಲ್ಲದೆ ತೋಳಿನುದ್ದಕ್ಕೂ ಇಳಿದು ಬೆರಳುಗಳಲ್ಲಿ ಜೋಮು, ಚುಚ್ಚಿದಂತಹ ಅನುಭವ ಇರುತ್ತದೆ.

ನಿದ್ದೆಯಲ್ಲಿ ಏನಾಗುತ್ತದೆ?

ಸಾಮಾನ್ಯ ನಿದ್ದೆಯಲ್ಲಿ ನಾವು ನಮಗೇ ಅರಿವಿಲ್ಲದಂತೆ ಹಲವು ಬಾರಿ ಮಗ್ಗುಲು ಬದಲಿಸುತ್ತೇವೆ. ಒಂದು ಕಡೆಗೆ ಒತ್ತಡ ಹೆಚ್ಚಾದ ಕೂಡಲೇ ಮೈ ತಾನಾಗಿ ಹೊರಳುತ್ತದೆ. ತುಂಬ ದಣಿದು ಮಲಗಿದಾಗ, ಮದ್ಯ ಸೇವಿಸಿದಾಗ ಅಥವಾ ನಿದ್ದೆ ಮಾತ್ರೆ ತೆಗೆದುಕೊಂಡಾಗ ಈ ಹೊರಳಾಟ ಕಡಿಮೆಯಾಗುತ್ತದೆ. ಕುತ್ತಿಗೆ ಗಂಟೆಗಟ್ಟಲೆ ಒಂದೇ ಕಡೆಗೆ ಸೊಟ್ಟಗಾಗಿ ಉಳಿಯುತ್ತದೆ. ಒಂದು ಬದಿಯ ಸ್ನಾಯುಗಳು ಎಳೆದುಕೊಂಡು, ಇನ್ನೊಂದು ಬದಿಯವು ಕುಗ್ಗಿಕೊಂಡು ಇರುತ್ತವೆ. ಸಣ್ಣ ಕೀಲುಗಳ ಸುತ್ತಲಿನ ಪೊರೆಯೂ ಎಳೆತಕ್ಕೆ ಸಿಗುತ್ತದೆ. ಎಚ್ಚರವಾಗಿ ತಟ್ಟನೆ ತಲೆ ಎತ್ತಿದಾಗ ಆ ಭಾಗಕ್ಕೆ ನೋವಾಗುತ್ತದೆ. ಅದನ್ನು ಕಾಪಾಡಲೆಂದು ಸುತ್ತಲಿನ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಬಿಗಿತದಿಂದ ನೋವು, ನೋವಿನಿಂದ ಇನ್ನಷ್ಟು ಬಿಗಿತ. ಈ ವರ್ತುಲವನ್ನು ಬಿಡಿಸುವುದೇ ಚಿಕಿತ್ಸೆಯ ಉದ್ದೇಶ.

ಚಳಿಗಾಳಿ ತಾಗಿದ್ದರಿಂದ ಹೀಗಾಯಿತು ಎಂದು ಹೇಳುವವರು ಬಹಳ ಮಂದಿ. ಗಾಳಿ ಕುತ್ತಿಗೆಯೊಳಗೆ ಹೋಗಿ ಸೇರಿಕೊಳ್ಳುವುದಿಲ್ಲ. ಆದರೆ ಜಡಿಮಳೆಯ ರಾತ್ರಿಗಳಲ್ಲಿ ಹೊದಿಕೆ ಸಾಲದೆ ಭುಜವನ್ನು ಕಿವಿಯ ಹತ್ತಿರ ಎಳೆದುಕೊಂಡು ಮುದುಡಿ ಮಲಗಿದರೆ ಸ್ನಾಯುಗಳಿಗೆ ರಾತ್ರಿಯಿಡೀ ವಿಶ್ರಾಂತಿ ಸಿಗುವುದಿಲ್ಲ. ಆ ಮಟ್ಟಿಗೆ ಹಿರಿಯರ ಮಾತಿನಲ್ಲಿ ಅರ್ಥವಿದೆ.

ಕಾರಣ ಹಿಂದಿನ ದಿನದ್ದಿರಬಹುದು

ನೋವು ಬೆಳಿಗ್ಗೆ ಕಾಣಿಸಿಕೊಂಡಿತೆಂದು ತಪ್ಪನ್ನೆಲ್ಲ ದಿಂಬಿನ ಮೇಲೆ ಹಾಕುವುದು ಸರಿಯಲ್ಲ. ಅಭ್ಯಾಸವಿಲ್ಲದ ಕೆಲಸ ಮಾಡಿದಾಗ ಸ್ನಾಯುಗಳ ನೋವು ಆಗಲೇ ಬಾರದೆ ಒಂದೆರಡು ದಿನ ಕಳೆದು ಬರುವುದುಂಟು. ಆದ್ದರಿಂದ ನಿನ್ನೆ, ಮೊನ್ನೆ ಏನು ಕೆಲಸ ಮಾಡಿದಿರಿ ಎಂದು ನಾನು ಮೊದಲು ಕೇಳುತ್ತೇನೆ. ಉತ್ತರ ಹೆಚ್ಚಾಗಿ ಅಲ್ಲಿಯೇ ಸಿಗುತ್ತದೆ.

ನಮ್ಮ ಭಾಗದ ಅಡಿಕೆ ಕೆಲಸವನ್ನೇ ತೆಗೆದುಕೊಳ್ಳಿ. ಮೊದಲು ಮರ ಹತ್ತಿ ಕೊನೆ ಕೊಯ್ಯುತ್ತಿದ್ದರು. ಈಗ ಅನೇಕ ತೋಟಗಳಲ್ಲಿ ಕಾರ್ಬನ್ ಫೈಬರ್ ದೋಟಿ ಬಂದಿದೆ. ಮರದಿಂದ ಬೀಳುವ ಅಪಾಯ ತಪ್ಪಿತು, ಅದು ದೊಡ್ಡ ಲಾಭ. ಆದರೆ ನೆಲದ ಮೇಲೆ ನಿಂತು, ತಲೆಯನ್ನು ಪೂರ್ತಿ ಹಿಂದಕ್ಕೆ ಚೆಲ್ಲಿ, ಮರದ ತುದಿಯನ್ನೇ ನೋಡುತ್ತ ದಿನವಿಡೀ ಕೊಯ್ದರೆ ಅಥವಾ ಕೊಳೆರೋಗಕ್ಕೆ ಔಷಧಿ ಹೊಡೆದರೆ ಕುತ್ತಿಗೆಯ ಹಿಂದಿನ ಕೀಲುಗಳೆಲ್ಲ ಒತ್ತಿಕೊಂಡೇ ಇರುತ್ತವೆ. ಇನ್ನು ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವರದ್ದು ಇದಕ್ಕೆ ತದ್ವಿರುದ್ಧ. ತಲೆ ತಗ್ಗಿಸಿದರೆ ರಾತ್ರಿ ಹತ್ತರವರೆಗೂ ಎತ್ತುವುದಿಲ್ಲ. ಸುಲಿಯುವ ಯಂತ್ರ ಬಂದಿದ್ದರೂ ಕೈಯಲ್ಲಿ ಸುಲಿಯುವವರು ಇಂದಿಗೂ ಇದ್ದಾರೆ. ಸೊಪ್ಪು, ದರಕು, ಹುಲ್ಲು, ಸೌದೆಯ ಹೊರೆಯನ್ನು ತಲೆಯ ಮೇಲೆ ಹೊತ್ತು ಇಳಿಜಾರಿನಲ್ಲಿ ನಡೆಯುವ ಹೆಂಗಸರ ಕುತ್ತಿಗೆಯ ಗತಿಯನ್ನು ಬೇರೆ ಹೇಳಬೇಕಿಲ್ಲ. ಸಾಗರ, ಸೊರಬದ ಗುಡಿಗಾರರು ಗಂಧದ ಕೆತ್ತನೆಗೆ ಕುಳಿತರೆ ಕಣ್ಣು ಉಳಿಯ ತುದಿಯಲ್ಲಿ, ಗದ್ದ ಎದೆಯ ಮೇಲೆ.

ಹೊಲ, ತೋಟಕ್ಕೆ ಹೋಗದವರಿಗೆ ಮೊಬೈಲ್ ಇದೆ. ತಲೆ ನೇರವಾಗಿದ್ದಾಗ ಐದು ಕಿಲೋದಷ್ಟು ಇರುವ ಭಾರ, ತಲೆಯನ್ನು 60 ಡಿಗ್ರಿ ಮುಂದಕ್ಕೆ ಬಗ್ಗಿಸಿದಾಗ ಕುತ್ತಿಗೆಗೆ ಸುಮಾರು 27 ಕಿಲೋದಷ್ಟಾಗುತ್ತದೆ ಎಂದು ನ್ಯೂಯಾರ್ಕಿನ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಒಂದು ಅಡಿಕೆ ಮೂಟೆಯ ಅರ್ಧದಷ್ಟು ಭಾರವನ್ನು ಕುತ್ತಿಗೆಗೆ ಕಟ್ಟಿಕೊಂಡು ಎರಡು ಗಂಟೆ ಮೊಬೈಲ್ ನೋಡಿ, ಆಮೇಲೆ ದಿಂಬು ಸರಿಯಿಲ್ಲ ಎಂದರೆ ಹೇಗೆ?

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಕುಳಿತೇ ನಿದ್ದೆ ಮಾಡಿ ಬಂದವರು, ಯಕ್ಷಗಾನದ ಆಟ ನೋಡಲು ಹೋಗಿ ಬೆಳಗಿನ ಜಾವ ಕುರ್ಚಿಯಲ್ಲೇ ತೂಕಡಿಸಿದವರು ಕೂಡ ಇದೇ ನೋವಿನೊಂದಿಗೆ ಬರುತ್ತಾರೆ. ನಿದ್ದೆಯಲ್ಲಿ ತಲೆ ಜೋತುಬಿದ್ದು, ಬಸ್ಸು ಕುಲುಕಿದಾಗ ತಟ್ಟನೆ ಮೇಲೇಳುವುದೇ ಇದಕ್ಕೆ ಕಾರಣ.

ಮನೆಯಲ್ಲಿ ಏನು ಮಾಡಬಹುದು?

ಮೊದಲು ಶಾಖ. ಈ ವಿಷಯದಲ್ಲಿ ಮಲೆನಾಡಿಗರು ಪುಣ್ಯವಂತರು. ಬಚ್ಚಲ ಹಂಡೆಯಲ್ಲಿ ಬಿಸಿನೀರು ಯಾವಾಗಲೂ ಇರುತ್ತದೆ. ದಪ್ಪ ಪಂಚೆ ಅಥವಾ ಟವೆಲನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ನೋವಿರುವ ಬದಿಗೆ ಇಟ್ಟುಕೊಳ್ಳಬಹುದು. ಕಲ್ಲುಪ್ಪನ್ನು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುವುದೂ ಒಳ್ಳೆಯದೇ. ಒಂದು ಸಲಕ್ಕೆ 15ರಿಂದ 20 ನಿಮಿಷ, ದಿನಕ್ಕೆ ಮೂರು ನಾಲ್ಕು ಬಾರಿ ಸಾಕು. ಗಂಟನ್ನು ಮೊದಲು ಕೈಯ ಹಿಂಭಾಗಕ್ಕೆ ಮುಟ್ಟಿಸಿ ಬಿಸಿ ಎಷ್ಟಿದೆ ಎಂದು ನೋಡಿಕೊಳ್ಳಿ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶಜ್ಞಾನ ಕಡಿಮೆಯಾಗಿರುವವರು ಮತ್ತು ವಯಸ್ಸಾದವರು ಬಹಳ ಜಾಗ್ರತೆಯಾಗಿರಬೇಕು. ಕುತ್ತಿಗೆ ನೋವು ಹೋಗಿ ಸುಟ್ಟ ಗಾಯ ಉಳಿಯಬಾರದು.

ಎರಡನೆಯದು ಮೆಲ್ಲನೆಯ ಚಲನೆ. ಹಾಸಿಗೆ ಹಿಡಿದು ಮಲಗುವುದರಿಂದ ಬಿಗಿತ ಹೆಚ್ಚುತ್ತದೆ. ಶಾಖ ಕೊಟ್ಟ ನಂತರ ನೇರವಾಗಿ ಕುಳಿತು, ನೋವು ಶುರುವಾಗುವ ತನಕ ಮಾತ್ರ ತಲೆಯನ್ನು ಎಡಕ್ಕೆ ತಿರುಗಿಸಿ, ಐದು ಎಣಿಸಿ, ಮಧ್ಯಕ್ಕೆ ತನ್ನಿ. ಹಾಗೆಯೇ ಬಲಕ್ಕೆ. ಆಮೇಲೆ ಕಿವಿಯನ್ನು ಭುಜದ ಕಡೆಗೆ ವಾಲಿಸಿ. ಕೊನೆಗೆ ಭುಜಗಳನ್ನು ಮೇಲೆತ್ತಿ ಹಿಂದಕ್ಕೆ ಸುತ್ತಿಸಿ ಬಿಡಿ. ಪ್ರತಿಯೊಂದನ್ನೂ ಐದು ಸಲ, ದಿನಕ್ಕೆ ಮೂರು ಹೊತ್ತು ಮಾಡಿದರೆ ಸಾಕು. ಹಲ್ಲು ಕಚ್ಚಿ ನೋವನ್ನು ಮೀರಿ ತಿರುಗಿಸಬಾರದು. ತಲೆಯನ್ನು ಗಾಣದಂತೆ ಪೂರ್ತಿ ಸುತ್ತಿಸುವ ವ್ಯಾಯಾಮ ಈ ಸಮಯದಲ್ಲಿ ಬೇಡ.

ಮೂರನೆಯದು ಎಣ್ಣೆ ಹಚ್ಚುವುದು. ಬೆಚ್ಚಗಿನ ಕೊಬ್ಬರಿ ಎಣ್ಣೆಯೋ ಎಳ್ಳೆಣ್ಣೆಯೋ ಹಚ್ಚಿ ಕುತ್ತಿಗೆಯಿಂದ ಭುಜದ ಕಡೆಗೆ ಹಗುರವಾಗಿ ನೀವಿದರೆ ಸ್ನಾಯು ಸಡಿಲವಾಗುತ್ತದೆ. ನೋವಿನ ಮುಲಾಮುಗಳೂ ಸ್ವಲ್ಪ ಹಿತ ಕೊಡುತ್ತವೆ. ಆದರೆ ಮುಲಾಮು ಹಚ್ಚಿದ ಜಾಗಕ್ಕೆ ಕೂಡಲೇ ಶಾಖ ಕೊಡಬಾರದು. ಚರ್ಮ ಸುಡುತ್ತದೆ. ದಿಂಬನ್ನು ಬಿಸಿಲಿಗೆ ಹಾಕಿದರೆ ನೋವು ಹೋಗುತ್ತದೆ ಎಂದು ಕೆಲವರು ಹೇಳುವುದುಂಟು. ಅದರಿಂದ ತೊಂದರೆಯೇನೂ ಇಲ್ಲ, ದಿಂಬಿನ ತೇವವಾದರೂ ಹೋಗುತ್ತದೆ.

ನಾಲ್ಕನೆಯದು ಮಾತ್ರೆ. ವಯಸ್ಕರು 500 ಮಿಲಿಗ್ರಾಂನ ಪ್ಯಾರಾಸಿಟಮಾಲ್ ಮಾತ್ರೆಯೊಂದನ್ನು ಆರು ಗಂಟೆಗಳ ಅಂತರದಲ್ಲಿ ಒಂದೆರಡು ದಿನ ತೆಗೆದುಕೊಳ್ಳಬಹುದು. ಯಕೃತ್ತಿನ ಕಾಯಿಲೆ ಇರುವವರು, ದಿನವೂ ಮದ್ಯ ಕುಡಿಯುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಂತಾದ ಇನ್ನೂ ಬಲವಾದ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಾವೇ ತಂದು ನುಂಗುವ ಅಭ್ಯಾಸ ಒಳ್ಳೆಯದಲ್ಲ. ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ, ಹೃದ್ರೋಗ, ರಕ್ತದೊತ್ತಡ ಇರುವವರಿಗೆ ಮತ್ತು ಗರ್ಭಿಣಿಯರಿಗೆ ಇವು ಅಪಾಯ ತರಬಹುದು. ಜ್ವರವಿದ್ದಾಗಲಂತೂ ಇವು ಬೇಡವೇ ಬೇಡ. ಕಾರಣವನ್ನು ಮುಂದೆ ಹೇಳುತ್ತೇನೆ.

ಕುತ್ತಿಗೆಗೆ ಪಟ್ಟಿ ಹಾಕಿಕೊಳ್ಳಬೇಕೇ ಎಂದು ಹಲವರು ಕೇಳುತ್ತಾರೆ. ಸಾಧಾರಣ ಉಳುಕಿಗೆ ಅದರ ಅಗತ್ಯವಿಲ್ಲ. ವಾರಗಟ್ಟಲೆ ಪಟ್ಟಿ ಹಾಕಿಕೊಂಡರೆ ಸ್ನಾಯುಗಳು ಇನ್ನಷ್ಟು ದುರ್ಬಲವಾಗುತ್ತವೆ. ಹಾಗೆಯೇ ಕುತ್ತಿಗೆ ಚೆನ್ನಾಗಿ ತಿರುಗುವ ತನಕ ಬೈಕು, ಕಾರು ಓಡಿಸಬೇಡಿ. ಹಿಂದಿನಿಂದ, ಪಕ್ಕದಿಂದ ಬರುವ ವಾಹನ ನಿಮಗೆ ಕಾಣಿಸುವುದಿಲ್ಲ.

'ಲಟಕ್' ಎನ್ನಿಸಬೇಡಿ

ಕುತ್ತಿಗೆ ಹಿಡಿದಾಗ ಉಳುಕು ತೆಗೆಯುವವರ ಬಳಿ ಹೋಗಿ ಅಥವಾ ಕ್ಷೌರದಂಗಡಿಯಲ್ಲಿ ಕುಳಿತು ತಲೆಯನ್ನು ತಟ್ಟನೆ ತಿರುಗಿಸಿ 'ಲಟಕ್' ಎನ್ನಿಸಿಕೊಳ್ಳುವವರಿದ್ದಾರೆ. ಆ ಸದ್ದು ಬಂದರೆ ಮೂಳೆ ಸರಿಯಾದ ಜಾಗಕ್ಕೆ ಕೂತಿತು ಎಂಬ ನಂಬಿಕೆ. ವಾಸ್ತವವಾಗಿ ಕೀಲಿನೊಳಗಿನ ದ್ರವದಲ್ಲಿ ಅನಿಲದ ಗುಳ್ಳೆಯಿಂದ ಬರುವ ಸದ್ದು ಅದು. ಜಾಗ ತಪ್ಪಿದ ಮೂಳೆಯೂ ಇಲ್ಲ, ಕೂತದ್ದೂ ಇಲ್ಲ.

ಇದರಲ್ಲಿರುವ ಅಪಾಯವನ್ನು ತಿಳಿಯಬೇಕು. ಮೆದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ರಕ್ತನಾಳಗಳು ಕುತ್ತಿಗೆಯ ಮೇಲಿನ ಆರು ಕಶೇರುಕಗಳ ರಂಧ್ರಗಳ ಮೂಲಕವೇ ಹಾದುಹೋಗುತ್ತವೆ. ತಲೆಯನ್ನು ತಟ್ಟನೆ ತಿರುಚಿದಾಗ ಈ ನಾಳದ ಒಳಪದರ ಹರಿಯಬಹುದು. ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ರಕ್ತ ಹೋಗುವುದು ನಿಂತರೆ ಪಾರ್ಶ್ವವಾಯು ಆಗುತ್ತದೆ. ಹೀಗಾಗುವುದು ಅಪರೂಪ. ಆದರೆ ಆದಾಗ ಚಿಕ್ಕ ವಯಸ್ಸಿನವರಿಗೂ ಆಗುತ್ತದೆ. ಕೂದಲು ತೊಳೆಯಲು ತಲೆಯನ್ನು ಬೇಸಿನ್ನಿನ ಮೇಲೆ ಹಿಂದಕ್ಕೆ ಬಾಗಿಸಿದ್ದರಿಂದ ಪಾರ್ಶ್ವವಾಯು ಆದ ಮಹಿಳೆಯರ ಬಗ್ಗೆ ಅಮೆರಿಕದ ನರರೋಗ ತಜ್ಞ ಮೈಕೆಲ್ ವೈನ್‌ಟ್ರಾಬ್ 1993ರಲ್ಲಿಯೇ ಬರೆದಿದ್ದರು. ನಮ್ಮ ಬಳ್ಳಾರಿಯ ಯುವಕನೊಬ್ಬನಿಗೆ ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುಗಿಸಿದ ಬಳಿಕ ಪಾರ್ಶ್ವವಾಯು ಆದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು.

ಕುತ್ತಿಗೆ ತಿರುಗಿಸಿಕೊಂಡ ಕೆಲವು ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ತಲೆಸುತ್ತು, ವಾಂತಿ, ಒಂದು ಎರಡಾಗಿ ಕಾಣುವುದು, ಮಾತು ತೊದಲುವುದು, ನಡೆಯುವಾಗ ವಾಲುವುದು ಕಂಡುಬಂದರೆ ಕ್ಷಣವೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹೆಪ್ಪು ಕರಗಿಸುವ ಔಷಧಿ ಕೊಡಲು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳ ಅವಕಾಶ ಮಾತ್ರ ಇರುತ್ತದೆ. ತೀರ್ಥಹಳ್ಳಿಯಿಂದಲೋ ಹೊಸನಗರದಿಂದಲೋ ಶಿವಮೊಗ್ಗ ತಲುಪುವ ಹೊತ್ತೂ ಅದರಲ್ಲೇ ಸೇರಿದೆ ಎಂಬುದನ್ನು ಮರೆಯಬಾರದು.

ಜ್ವರವೂ ಇದ್ದರೆ?

ಕುತ್ತಿಗೆ ಹಿಡಿದಿದೆ ಎಂದಾಗ ಮನೆಯಲ್ಲಿ ಮಾಡಬೇಕಾದ ಮೊದಲ ಪರೀಕ್ಷೆ ಥರ್ಮಾಮೀಟರ್ ಇಟ್ಟು ನೋಡುವುದು. ಸಾಧಾರಣ ಉಳುಕಿನಲ್ಲಿ ಜ್ವರ ಇರುವುದಿಲ್ಲ.

ಎರಡನೆಯದು, ಗದ್ದವನ್ನು ಎದೆಗೆ ತಾಗಿಸಿ ನೋಡುವುದು. ಉಳುಕಿನಲ್ಲಿ ಪಕ್ಕಕ್ಕೆ, ಅದರಲ್ಲೂ ಒಂದು ಪಕ್ಕಕ್ಕೆ ತಿರುಗಿಸುವುದು ಕಷ್ಟ. ಮುಂದಕ್ಕೆ ಬಗ್ಗಿಸುವುದು ಸ್ವಲ್ಪ ನೋವಾದರೂ ಸಾಮಾನ್ಯವಾಗಿ ಸಾಧ್ಯ. ಮೆದುಳಿನ ಸುತ್ತಲಿನ ಪೊರೆಗೆ ಸೋಂಕು ತಗಲಿದಾಗ, ಅಂದರೆ ಮೆದುಳು ಪೊರೆಯ ಉರಿಯೂತದಲ್ಲಿ, ಮುಂದಕ್ಕೆ ಬಗ್ಗಿಸಲು ಹೋದರೆ ಕುತ್ತಿಗೆ ಮರದಂತೆ ಸೆಟೆದುಕೊಳ್ಳುತ್ತದೆ. ಜೊತೆಗೆ ಜ್ವರ, ತೀವ್ರ ತಲೆನೋವು, ವಾಂತಿ, ಬೆಳಕು ಕಂಡರೆ ಆಗದಿರುವುದು, ಮಂಪರು, ಫಿಟ್ಸ್ ಇರಬಹುದು. ಎಳೆಯ ಮಕ್ಕಳಲ್ಲಿ ಕುತ್ತಿಗೆ ಸೆಟೆಯದೆಯೂ ಈ ಕಾಯಿಲೆ ಇರಬಹುದು. ಹಾಲು ಕುಡಿಯದೆ ಒಂದೇ ಸಮನೆ ಅಳುವುದು, ಮಂಕಾಗುವುದು, ನೆತ್ತಿ ಉಬ್ಬುವುದು ಅಪಾಯದ ಸೂಚನೆಗಳು. ಇದಕ್ಕೆ ಶಾಖವೂ ಇಲ್ಲ, ಎಣ್ಣೆಯೂ ಇಲ್ಲ. ನೇರವಾಗಿ ಆಸ್ಪತ್ರೆ.

ನಮ್ಮ ಮೂರೂ ತಾಲ್ಲೂಕುಗಳಿಗೆ ಸಂಬಂಧಿಸಿದ ಇನ್ನೊಂದು ಕಾಯಿಲೆ ಮಂಗನ ಕಾಯಿಲೆ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಇದರ ವೈರಾಣುವನ್ನು ಗುರುತಿಸಿದರು. ಜಗತ್ತಿನ ವೈದ್ಯಕೀಯ ಗ್ರಂಥಗಳಲ್ಲಿ ಇಂದಿಗೂ ಇದರ ಹೆಸರು ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಇದೆ. ಸಾಗರ ತಾಲ್ಲೂಕಿನ ಅರಲಗೋಡು ಭಾಗದಲ್ಲಿ 2018ರ ಕೊನೆ ಮತ್ತು 2019ರಲ್ಲಿ ಅದು ಎಬ್ಬಿಸಿದ ಭೀತಿಯನ್ನು ಈ ಕಡೆಯವರಾರೂ ಮರೆತಿಲ್ಲ.

ಕಾಡಿನ ಉಣುಗು ಕಚ್ಚುವುದರಿಂದ ಇದು ಬರುತ್ತದೆ. ಡಿಸೆಂಬರಿನಿಂದ ಮೇ ತನಕ ಇದರ ಕಾಲ. ಕಾಡಿಗೆ ದರಕು, ಸೌದೆ ತರಲು ಹೋಗುವುದೂ, ಅಡಿಕೆ ಕೆಲಸ ನಡೆಯುವುದೂ ಹೆಚ್ಚುಕಡಿಮೆ ಇದೇ ತಿಂಗಳುಗಳಲ್ಲಿ. ಎಡವಟ್ಟಾಗುವುದು ಇಲ್ಲಿಯೇ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಸೊಂಟ, ಕುತ್ತಿಗೆ, ಮೈಕೈಯೆಲ್ಲ ಜಜ್ಜಿದಂತಹ ನೋವು ಶುರುವಾಗುತ್ತದೆ. ರೋಗಿ ಅದನ್ನು ಹೊರೆ ಹೊತ್ತ ಆಯಾಸ ಎಂದುಕೊಳ್ಳುತ್ತಾನೆ. ಅಂಗಡಿಯಿಂದ ಒಂದು ನೋವಿನ ಮಾತ್ರೆ ತರಿಸಿ ನುಂಗಿ ಮಲಗುತ್ತಾನೆ.

ಮಂಗನ ಕಾಯಿಲೆಯಲ್ಲೂ ಡೆಂಗಿಯಲ್ಲೂ ರಕ್ತದ ಪ್ಲೇಟ್‌ಲೆಟ್ ಕಣಗಳು ಕಡಿಮೆಯಾಗಿ ರಕ್ತಸ್ರಾವದ ಅಪಾಯವಿರುತ್ತದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂತಹ ಮಾತ್ರೆಗಳು ಪ್ಲೇಟ್‌ಲೆಟ್‌ಗಳ ಕೆಲಸಕ್ಕೆ ಅಡ್ಡಿಪಡಿಸಿ, ಜಠರದ ಒಳಪದರವನ್ನೂ ಕೆರಳಿಸಿ ಈ ಅಪಾಯವನ್ನು ಹೆಚ್ಚಿಸುತ್ತವೆ. ಜ್ವರದೊಂದಿಗೆ ನೋವಿದ್ದಾಗ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಮಾತ್ರೆ ಬೇಡ ಎಂದು ನಾನು ಹೇಳಿದ್ದು ಇದಕ್ಕಾಗಿ.

ಇನ್ನೊಂದು ವಿಚಾರ. ಮಂಗನ ಕಾಯಿಲೆ ಬಂದವರಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿಗೆ ಜ್ವರ ಬಿಟ್ಟು ಒಂದೆರಡು ವಾರ ಆರಾಮವಾಗಿದ್ದ ನಂತರ ಎರಡನೆಯ ಸುತ್ತು ಬರುತ್ತದೆ. ಈ ಸಲ ಮೆದುಳಿಗೆ ಸಂಬಂಧಿಸಿದ ಲಕ್ಷಣಗಳೇ ಮುಖ್ಯ: ಮತ್ತೆ ಜ್ವರ, ವಿಪರೀತ ತಲೆನೋವು, ಕುತ್ತಿಗೆ ಸೆಟೆಯುವುದು, ಕೈ ನಡುಕ, ಅಸಂಬದ್ಧ ಮಾತು. ಆದ್ದರಿಂದ 'ಜ್ವರ ಬಿಟ್ಟು ವಾರವಾಯಿತು, ಇದು ಬರೀ ಮಲಗಿದ್ದರ ನೋವು' ಎಂದು ಕಡೆಗಣಿಸಬಾರದು. ಈ ಕಾಯಿಲೆಗೆ ವೈರಾಣುವನ್ನೇ ಕೊಲ್ಲುವ ಔಷಧಿ ಇಲ್ಲ. ಆದರೆ ಬೇಗ ದಾಖಲಾದರೆ ದ್ರವ, ರಕ್ತದ ಪೂರೈಕೆ ಮತ್ತು ಸರಿಯಾದ ಆರೈಕೆಯಿಂದ ಹೆಚ್ಚಿನವರು ಗುಣವಾಗುತ್ತಾರೆ. ವೈದ್ಯರ ಬಳಿ ಹೋದಾಗ ಕಾಡಿಗೆ ಹೋಗಿದ್ದು, ಉಣುಗು ಕಚ್ಚಿದ್ದು, ಊರಿನ ಹತ್ತಿರ ಮಂಗ ಸತ್ತದ್ದು ಇವೆಲ್ಲವನ್ನೂ ಕೇಳದಿದ್ದರೂ ಹೇಳಿ.

ಇನ್ನೂ ಕೆಲವು ಎಚ್ಚರಿಕೆಗಳು

ವಾಂತಿಗೆಂದು ಕೊಡುವ ಕೆಲವು ಔಷಧಿಗಳಿಂದ, ಮುಖ್ಯವಾಗಿ ಮೆಟೊಕ್ಲೋಪ್ರಮೈಡ್‌ನಿಂದ, ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡು, ಕಣ್ಣುಗುಡ್ಡೆ ಮೇಲಕ್ಕೆ ಹೋಗಿ, ನಾಲಿಗೆ ಹೊರಚಾಚುವುದುಂಟು. ನೋಡಿದವರು ಗಾಳಿ ಮೆಟ್ಟಿಕೊಂಡಿದೆ ಎಂದು ಗಾಬರಿಯಾಗುತ್ತಾರೆ. ಒಂದು ಚುಚ್ಚುಮದ್ದಿನಿಂದ ಸ್ವಲ್ಪ ಹೊತ್ತಿನಲ್ಲೇ ಇದು ಸರಿಹೋಗುತ್ತದೆ. ತೆಗೆದುಕೊಂಡ ಮಾತ್ರೆಯ ಪಟ್ಟಿಯನ್ನು ತಪ್ಪದೆ ಜೊತೆಗೆ ತನ್ನಿ.

ಕತ್ತಿ, ಮುಳ್ಳು, ಮೊಳೆಯ ಗಾಯವಾದ ಕೆಲವು ದಿನಗಳ ನಂತರ ಬಾಯಿ ತೆರೆಯಲು ಕಷ್ಟವಾಗಿ, ದವಡೆ ಕಚ್ಚಿಕೊಂಡು, ಆಮೇಲೆ ಕುತ್ತಿಗೆ ಬಿಗಿಯತೊಡಗಿದರೆ ಅದು ಧನುರ್ವಾಯು ಆಗಿರಬಹುದು. ಮಕ್ಕಳಲ್ಲಿ ಗಂಟಲು ನೋವು, ಜ್ವರ, ಜೊಲ್ಲು ಸುರಿಯುವುದರ ಜೊತೆಗೆ ಕುತ್ತಿಗೆ ಸೊಟ್ಟಗಾದರೆ ಗಂಟಲಿನ ಹಿಂದೆ ಕೀವು ತುಂಬಿರುವ ಸಾಧ್ಯತೆ ಇದೆ. ನಡೆದಾಗ, ದಿಣ್ಣೆ ಹತ್ತಿದಾಗ ಕುತ್ತಿಗೆ, ದವಡೆ, ಎಡತೋಳಿನಲ್ಲಿ ನೋವು ಬಂದು ಬೆವರುತ್ತಿದ್ದರೆ ಹೃದಯವನ್ನು ಪರೀಕ್ಷಿಸಬೇಕು. ಕೈಬೆರಳುಗಳ ಹಿಡಿತ ತಪ್ಪಿ ಗುಂಡಿ ಹಾಕಲು ಕಷ್ಟವಾಗುವುದು, ಕಾಲು ಬಿಗಿದು ನಡಿಗೆ ತೊಡರುವುದು, ಮೂತ್ರದ ಹತೋಟಿ ತಪ್ಪುವುದು ಬೆನ್ನುಹುರಿ ಒತ್ತಿಕೊಂಡಿರುವುದರ ಲಕ್ಷಣಗಳು.

ಮರದಿಂದ ಅಥವಾ ಬೈಕಿನಿಂದ ಬಿದ್ದವರು ಕುತ್ತಿಗೆ ನೋವು ಎಂದರೆ ಅವರನ್ನು ಕೂರಿಸಲು, ಕಂಕುಳಿಗೆ ಕೈ ಹಾಕಿ ಎತ್ತಲು ಹೋಗಬೇಡಿ. ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ನೋಡಿಕೊಂಡು 108ಕ್ಕೆ ಕರೆ ಮಾಡಿ.

ಎಕ್ಸ್-ರೇ ಬೇಕೇ?

ಜ್ವರ, ಪೆಟ್ಟು, ತೋಳಿನ ಜೋಮು ಯಾವುದೂ ಇಲ್ಲದ ಸಾಧಾರಣ ಉಳುಕಿಗೆ ಎಕ್ಸ್-ರೇ ಬೇಕಾಗಿಲ್ಲ. ನಲವತ್ತು ದಾಟಿದ ಅನೇಕರ ಎಕ್ಸ್-ರೇಯಲ್ಲಿ ಮೂಳೆ ಸವೆದಿರುವುದು ಕಾಣುತ್ತದೆ. ಯಾವ ನೋವೂ ಇಲ್ಲದವರಲ್ಲೂ ಕಾಣುತ್ತದೆ. ಕೂದಲು ನರೆತಂತೆ ಇದೂ ಒಂದು. ವರದಿಯಲ್ಲಿ 'ಸ್ಪಾಂಡಿಲೋಸಿಸ್' ಎಂಬ ಪದ ಓದಿದ ಕೂಡಲೇ ಇನ್ನು ಜೀವನಪರ್ಯಂತ ಕೆಲಸ ಮಾಡುವಂತಿಲ್ಲ ಎಂದು ಕೈಚೆಲ್ಲಿ ಕೂರುವವರನ್ನು ನಾನು ನೋಡಿದ್ದೇನೆ. ಅಷ್ಟು ಹೆದರಬೇಕಾಗಿಲ್ಲ. ನೋವು ಒಂದು ವಾರದಲ್ಲಿ ಇಳಿಯದಿದ್ದರೆ, ಪದೇ ಪದೇ ಬರುತ್ತಿದ್ದರೆ, ರಾತ್ರಿ ಹೆಚ್ಚಾಗಿ ತೂಕವೂ ಇಳಿಯುತ್ತಿದ್ದರೆ ಆಗ ವೈದ್ಯರು ಪರೀಕ್ಷಿಸಿ ಬೇಕಾದುದನ್ನು ಮಾಡಿಸುತ್ತಾರೆ.

ಮತ್ತೆ ಬರದಂತೆ

ದಿಂಬು ಕುತ್ತಿಗೆಯ ಕೆಳಗಿನ ಖಾಲಿ ಜಾಗವನ್ನು ತುಂಬಬೇಕು. ಇದಷ್ಟೇ ಅದರ ಕೆಲಸ. ಅಂಗಾತ ಮಲಗುವವರಿಗೆ ತೆಳ್ಳಗಿನ ದಿಂಬು ಸಾಕು. ಮಗ್ಗುಲಾಗಿ ಮಲಗುವವರಿಗೆ ಭುಜದ ಅಗಲಕ್ಕೆ ಹೊಂದುವಷ್ಟು ಎತ್ತರ ಬೇಕು. ಮೂಗು, ಗದ್ದ, ಎದೆಯ ಮಧ್ಯಭಾಗ ಒಂದೇ ಗೆರೆಯಲ್ಲಿದ್ದರೆ ಎತ್ತರ ಸರಿಯಾಗಿದೆ ಎಂದು ತಿಳಿಯಬಹುದು. ಭುಜ ದಿಂಬಿನ ಮೇಲೆ ಬರಬಾರದು. ಬೂರುಗದ ಹತ್ತಿಯ ದಿಂಬುಗಳು ಕೆಲವು ವರ್ಷಗಳಲ್ಲಿ ನಡುವೆ ಕುಸಿದು ಗಂಟುಕಟ್ಟುತ್ತವೆ. ಅವನ್ನು ಬಿಚ್ಚಿ, ಹಿಂಜಿ, ತುಂಬಿಸಿ. ಎರಡು ದಿಂಬು ಪೇರಿಸಿಕೊಳ್ಳುವುದೂ, ದಿಂಬೇ ಬೇಡವೆಂದು ಹಟ ಹಿಡಿಯುವುದೂ ಎರಡೂ ಅತಿರೇಕ. ಬೋರಲು ಮಲಗುವ ಅಭ್ಯಾಸವಿದ್ದರೆ ಮೆಲ್ಲನೆ ಬಿಡಿ. ಹಾಗೆ ಮಲಗಿದಾಗ ಉಸಿರಾಡಲು ತಲೆಯನ್ನು ರಾತ್ರಿಯಿಡೀ ಒಂದು ಪಕ್ಕಕ್ಕೆ ತಿರುಗಿಸಿಯೇ ಇರಬೇಕಾಗುತ್ತದೆ.

ಬೆಳಿಗ್ಗೆ ತಟ್ಟನೆ ತಲೆ ಎತ್ತಿ ಏಳಬೇಡಿ. ಮೊದಲು ಮಗ್ಗುಲಾಗಿ, ಕೈಯೂರಿ, ಆಮೇಲೆ ಏಳಿ. ಬಸ್ಸಿನಲ್ಲಿ ರಾತ್ರಿ ಪ್ರಯಾಣವಿದ್ದರೆ ಶಾಲನ್ನು ಸುರುಳಿ ಸುತ್ತಿ ಕುತ್ತಿಗೆಯ ಎರಡೂ ಬದಿಗೆ ಬರುವಂತೆ ಹಾಕಿಕೊಳ್ಳಿ. ದೋಟಿ ಹಿಡಿಯುವವರು ಇಬ್ಬರಿದ್ದರೆ ಸರದಿಯ ಮೇಲೆ ಕೆಲಸ ಮಾಡಿ. ಅಡಿಕೆ ಸುಲಿಯುವವರು ಅರ್ಧ ಗಂಟೆಗೊಮ್ಮೆ ತಲೆಯೆತ್ತಿ ಭುಜ ಸಡಿಲಿಸಿ. ಒಂದು ಕವಳ ಹಾಕುವಷ್ಟು ಹೊತ್ತು ಸಾಕು, ಕವಳ ಮಾತ್ರ ಬೇಡ. ತಲೆಹೊರೆಯನ್ನು ಸಾಧ್ಯವಾದಷ್ಟು ಚಿಕ್ಕದು ಮಾಡಿ ಎರಡು ಸಲ ತನ್ನಿ. ಒಂದೇ ಸಲಕ್ಕೆ ಮುಗಿಸಬೇಕೆಂಬ ಹಟ ಬೇಡ. ಮನೆಯ ಗಂಡಸರೂ ಇದರಲ್ಲಿ ಕೈಜೋಡಿಸಿದರೆ ಹೆಂಗಸರ ಅರ್ಧ ಕುತ್ತಿಗೆ ನೋವು ಔಷಧಿಯಿಲ್ಲದೆ ವಾಸಿಯಾಗುತ್ತದೆ.

ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಕೇಂದ್ರದಲ್ಲಿ ಉಣುಗು ಕಚ್ಚದಂತೆ ಹಚ್ಚಲು ಕೊಡುವ ತೈಲವನ್ನು ಹಚ್ಚಿಕೊಂಡು ಹೋಗಬೇಕು. ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಸಬೇಕು. ಮನೆಯಲ್ಲಿ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಅದಕ್ಕೆ ತಗಲುವ ಖರ್ಚು ಹೆಚ್ಚೇನಲ್ಲ. ಕುತ್ತಿಗೆ ಹಿಡಿದು ಜ್ವರ ಇಲ್ಲದಿದ್ದರೆ ಶಾಖ ಕೊಟ್ಟು ಮೂರು ದಿನ ಕಾಯಿರಿ. ಜ್ವರ ಇದ್ದರೆ ಅದೇ ದಿನ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.